ದಸರೆ ಹತ್ತು ದಿನ, ಶರತ್ತು ಎರಡು ತಿಂಗಳು

ಮೈಸೂರಿಗೆ ಯಾವಾಗ ಬಂದರೆ ಚೆನ್ನ ಎಂದು ಹೊರಗಿನವರು ಕೇಳಿದರೆ ನಾವು ಮೈಸೂರಿನವರು ಹಿಂದೆಮುಂದೆ ನೋಡದೆ ‘ದಸರೆಗೆ ಬನ್ನಿ’ ಎಂದುಬಿಡುತ್ತೇವೆ. ಸಲಹೆ ಒಳ್ಳೆಯದೇ. ಬಂದವರು ಜಂಬೂಸವಾರಿ ನೋಡುತ್ತಾರೆ, ಅರಮನೆಯ ದೀಪ ನೋಡುತ್ತಾರೆ, ವಸ್ತುಪ್ರದರ್ಶನದಲ್ಲಿ ಮುಖದಷ್ಟಗಲದ ಹಪ್ಪಳ ತಿನ್ನುತ್ತಾರೆ, ನೂಕುನುಗ್ಗಲಿನಲ್ಲಿ ಬೆವರುತ್ತಾರೆ, ವಿಜಯದಶಮಿಯ ಮಾರನೆಯ ದಿನ ಬಸ್ಸು ಹತ್ತುತ್ತಾರೆ. ಅವರು ಹೋದ ಮೇಲೆ ಊರು ಒಮ್ಮೆ ನಿಟ್ಟುಸಿರು ಬಿಟ್ಟು ಕಾಲು ಚಾಚುತ್ತದೆ. ಆಗ ನಮ್ಮ ಪಾಲಿಗೆ ಉಳಿಯುವುದು ಹಬ್ಬಕ್ಕಿಂತ ಉದ್ದವಾದ ಒಂದು ಸುಖ. ಅದು ಈ ಊರಿನ ಹವೆ. ದಸರೆ ಹತ್ತು ದಿನ; ಶರತ್ತು ಆಶ್ವಯುಜ, ಕಾರ್ತೀಕ ಎಂದು ಎರಡು ತಿಂಗಳು. ಆ ಎರಡು ತಿಂಗಳನ್ನು ಎಲ್ಲಿಗೂ ಹೋಗದೆ, ಊರಿನಲ್ಲೇ ಇದ್ದುಕೊಂಡು ಸವಿಯುವುದು ಹೇಗೆ ಎಂಬುದು ಈ ಹೊತ್ತಿನ ಮಾತು.

ಹಬ್ಬಕ್ಕೂ ಹವೆಗೂ ಇರುವ ನಂಟನ್ನು ಮೊದಲು ಹೇಳಿಬಿಡುತ್ತೇನೆ. ಹಿಂದಿನ ಕಾಲದಲ್ಲಿ ಮಳೆಗಾಲ ಮುಗಿಯುವವರೆಗೆ ದಂಡು ಕದಲುತ್ತಿರಲಿಲ್ಲ. ದಾರಿಯೆಲ್ಲ ಕೆಸರು, ಹೊಳೆಗಳೆಲ್ಲ ತುಂಬಿ ಹರಿಯುತ್ತಿದ್ದವು, ಬಂಡಿಯ ಗಾಲಿ ಅಚ್ಚಿನವರೆಗೆ ಹೂತುಕೊಳ್ಳುತ್ತಿತ್ತು. ಮಳೆ ಹಿಂಜರಿದು, ಹೊಳೆ ಇಳಿದು, ನೆಲ ಕಾಲಿಗೆ ಗಟ್ಟಿಯಾದ ಮೇಲೆ ಅರಸರು ಆಯುಧ ತೊಳೆದು ಪೂಜಿಸಿ, ಬನ್ನಿಮರಕ್ಕೆ ಕೈಮುಗಿದು, ಊರ ಗಡಿ ದಾಟುತ್ತಿದ್ದರು. ಕಾಳಿದಾಸ ‘ರಘುವಂಶ’ದ ನಾಲ್ಕನೆಯ ಸರ್ಗದಲ್ಲಿ ರಘುವನ್ನು ದಿಗ್ವಿಜಯಕ್ಕೆ ಹೊರಡಿಸುವುದು ಶರತ್ಕಾಲದಲ್ಲೇ. ವಿಜಯನಗರದಲ್ಲಿ ಮಹಾನವಮಿಯ ಸಡಗರ ಮುಗಿದ ಮೇಲೆ ಅರಸ ತನ್ನ ಸೈನ್ಯವನ್ನು ಪರಿವೀಕ್ಷಿಸುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ಆ ಪರಂಪರೆಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು; ಕಾಲಾನಂತರ ಅದು ಮೈಸೂರಿಗೆ ಬಂತು. ಇವತ್ತು ದಂಡಯಾತ್ರೆ ಇಲ್ಲ, ಬನ್ನಿಮಂಟಪದವರೆಗಿನ ಮೆರವಣಿಗೆ ಇದೆ. ಆಯುಧಪೂಜೆಯ ದಿನ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡುವ ನಾವೂ ಒಂದು ಲೆಕ್ಕಕ್ಕೆ ಅದೇ ಹಳೆಯ ಮಾತನ್ನು ಹೇಳುತ್ತಿದ್ದೇವೆ: ದಾರಿ ಒಣಗಿದೆ, ಇನ್ನು ಹೊರಡಬಹುದು. ಅಂದರೆ ಹಬ್ಬಕ್ಕೆ ಮುಹೂರ್ತ ಇಟ್ಟುಕೊಟ್ಟದ್ದೇ ಹವೆ. ನಾವು ಹಬ್ಬವನ್ನು ಇಟ್ಟುಕೊಂಡೆವು, ಮುಹೂರ್ತ ಇಟ್ಟವನನ್ನು ಮರೆತೆವು.

ಶರತ್ತಿಗೂ ಆನೆಗೂ ಇನ್ನೊಂದು ನಂಟಿದೆ. ಈ ಕಾಲದಲ್ಲಿ ಹೂಬಿಡುವ ಏಳೆಲೆಯ ಹಾಲೆಮರವನ್ನು ಸಂಸ್ಕೃತದಲ್ಲಿ ಸಪ್ತಪರ್ಣ ಎನ್ನುತ್ತಾರೆ. ಅದರ ಹೂವಿನ ಗಾಢವಾದ ವಾಸನೆ ಆನೆಯ ಮದಜಲದ ವಾಸನೆಯಂಥದು ಎಂಬುದು ಸಂಸ್ಕೃತ ಕವಿಗಳ ಮೆಚ್ಚಿನ ಕಲ್ಪನೆ. ಆ ಹೂವಿನ ಗಂಧಕ್ಕೆ ರಘುವಿನ ಆನೆಗಳು ರೇಗಿ ಮದಜಲ ಸುರಿಸಿದವು ಎನ್ನುತ್ತಾನೆ ಕಾಳಿದಾಸ. ನಮಗೆ ಕಲ್ಪನೆಯ ಅಗತ್ಯವಿಲ್ಲ, ಆನೆಗಳೇ ಊರಿಗೆ ಬರುತ್ತವೆ. ದಸರೆಗೆ ಬಹಳ ಮುಂಚೆಯೇ ಕಾಡಂಚಿನ ಶಿಬಿರಗಳಿಂದ ಬಂದು ಅರಮನೆಯ ಆವರಣದಲ್ಲಿ ಬಿಡಾರ ಹೂಡಿ, ದಿನವೂ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ನಡೆದು ತಾಲೀಮು ಮಾಡುತ್ತವೆ. ಹಬ್ಬದ ದಿನ 750 ಕಿಲೋ ತೂಕದ ಅಂಬಾರಿ ಹೊರಬೇಕಾದ ಆನೆಗೆ ಮೊದಲು ಮರಳಿನ ಮೂಟೆ ಹೊರಿಸಿ ಅಭ್ಯಾಸ ಮಾಡಿಸುತ್ತಾರೆ. ಜಂಬೂಸವಾರಿಯ ಪಾಸಿಗಾಗಿ ಪರದಾಡುವವರಿಗೆ ನಾನು ಹೇಳುವುದಿಷ್ಟೇ: ತಾಲೀಮಿಗೆ ಪಾಸು ಬೇಡ. ಮುಂಜಾನೆ, ಆನೆಗಳು ಬರುವ ಸಯ್ಯಾಜಿರಾವ್ ರಸ್ತೆಯ ಅಂಗಡಿಗಳ ಬಾಗಿಲು ಇನ್ನೂ ತೆರೆದಿರುವುದಿಲ್ಲ. ಪೇಪರ್ ಹಾಕುವ ಹುಡುಗ ಸೈಕಲ್ಲು ಪಕ್ಕಕ್ಕೆ ಸರಿಸಿ ನಿಂತಿರುತ್ತಾನೆ. ತಣ್ಣನೆಯ ಬೆಳಕಿನಲ್ಲಿ ಆನೆಗಳ ಸಾಲು ಸಾವಕಾಶವಾಗಿ ಹಾದುಹೋಗುತ್ತದೆ. ಬಣ್ಣವಿಲ್ಲ, ಜೂಲು ಇಲ್ಲ, ಧ್ವನಿವರ್ಧಕವಿಲ್ಲ. ಆನೆ ಇದೆ, ಬೆಳಗಿದೆ.

ಇಷ್ಟು ಹೇಳಿದ ಮೇಲೂ, ಕಾವ್ಯದ ಶರತ್ತನ್ನು ಎತ್ತಿ ತಂದು ಮೈಸೂರಿನಲ್ಲಿಟ್ಟರೆ ಅದು ಇಲ್ಲಿ ಕೂರುವುದಿಲ್ಲ. ಉತ್ತರದ ಕವಿಗಳಿಗೆ ಶರತ್ತು ಎಂದರೆ ನೀರು ಸುರಿದು ಹಗುರವಾದ ಬಿಳಿಮೋಡ, ತಿಳಿಯಾದ ನದಿ, ದಡದಲ್ಲಿ ಕಾಶದ ಹೂವು. ಇಂಗ್ಲಿಷ್ ಪಾಠದ ಪುಸ್ತಕ ಓದಿದ ಮಕ್ಕಳಿಗೆ ಅದು ಕೆಂಪು ಹಳದಿ ಎಲೆಗಳು ಉದುರುವ ಕಾಲ. ನಮ್ಮಲ್ಲಿ ಎಲೆ ಉದುರುವುದು ಚಳಿಗಾಲ ಕಳೆಯುವ ಹೊತ್ತಿಗೆ. ಅಕ್ಟೋಬರಿನಲ್ಲಿ ಇಲ್ಲಿನ ಮರಗಳು ಮಳೆ ಕುಡಿದು ಕಪ್ಪಿಗೆ ತಿರುಗಿದ ಹಸಿರಿನಲ್ಲಿರುತ್ತವೆ. ಮೋಡ ಹಗುರವಾಗಿರುವುದಂತೂ ದೂರದ ಮಾತು. ನಮ್ಮ ಊರಿನ ಒಳ್ಳೊಳ್ಳೆಯ ಮಳೆಗಳಲ್ಲಿ ಕೆಲವು ಬರುವುದು ಆಗಲೇ.

ಮೈಸೂರಿನ ಮಳೆಯ ಲೆಕ್ಕವೇ ಬೇರೆ. ವರ್ಷಕ್ಕೆಲ್ಲ ಸುಮಾರು 800 ಮಿಲಿಮೀಟರ್. ಜೂನ್, ಜುಲೈ ತಿಂಗಳಲ್ಲಿ ಕೊಡಗಿನಲ್ಲಿ ಹಗಲುರಾತ್ರಿ ಧೋ ಎಂದು ಸುರಿಯುವಾಗ ಘಟ್ಟದ ಮರೆಯಲ್ಲಿರುವ ನಮಗೆ ಸಿಗುವುದು ಆಷಾಢದ ಗಾಳಿ ಮತ್ತು ಜಿಟಿಜಿಟಿ ಸೋನೆ. ಕೊಡಗಿನ ಮಳೆ ನಮಗೆ ಕನ್ನಂಬಾಡಿ ಕಟ್ಟೆಯಲ್ಲಿ ನಿಂತು, ಆಮೇಲೆ ನಲ್ಲಿಯಲ್ಲಿ ಬರುತ್ತದೆ. ನಮ್ಮ ಸ್ವಂತ ಮಳೆ ಎಂಬುದು ವರ್ಷಕ್ಕೆ ಎರಡು ಸಲ: ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮುಂಗಾರು ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಮ್ಮೆ. ಪಂಚಾಂಗದವರು ಈ ಎರಡನೆಯದನ್ನು ಹಸ್ತ, ಚಿತ್ತೆ, ಸ್ವಾತಿ ಎಂದು ನಕ್ಷತ್ರದ ಹೆಸರಿಟ್ಟು ಕರೆಯುತ್ತಾರೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ, ಒಂದೊಂದಕ್ಕೆ ಹೆಚ್ಚುಕಡಿಮೆ ಎರಡು ವಾರದ ಆಳ್ವಿಕೆ. ಚಿತ್ತೆ ಮಳೆ ವಿಚಿತ್ರ ಬೆಳೆ, ಸ್ವಾತಿ ಮಳೆ ಮುತ್ತಿನ ಬೆಳೆ ಎಂಬುದು ಹೊಲದವರ ಅನುಭವ. ಪೇಟೆಯಲ್ಲಿರುವ ನಮಗೆ ಬೆಳೆಯ ಲೆಕ್ಕ ಗೊತ್ತಿಲ್ಲದಿದ್ದರೂ, ಚಿತ್ತೆ ಒಂದು ಬೀದಿಯಲ್ಲಿ ಸುರಿದು ಪಕ್ಕದ ಬೀದಿಯನ್ನು ಒಣಗಲು ಬಿಡುವ ವಿಚಿತ್ರವನ್ನು ನೋಡಿಯೇ ಇರುತ್ತೇವೆ.

ಈ ವಿಚಿತ್ರಕ್ಕೆ ಕಾರಣವಿದೆ. ಮೂರು ತಿಂಗಳು ಒಂದೇ ಸಮನೆ ಬೀಸಿದ ಪಡುವಣ ಗಾಳಿ ಆ ಹೊತ್ತಿಗೆ ಸೋತಿರುತ್ತದೆ. ಹಿಂಗಾರಿನ ಮೂಡಣ ಗಾಳಿ ಇನ್ನೂ ಬಂದು ನೆಲೆಯೂರಿರುವುದಿಲ್ಲ. ಎರಡರ ನಡುವೆ ಆಕಾಶಕ್ಕೆ ಯಜಮಾನರಿಲ್ಲ. ಆಗ ಅಧಿಕಾರವೆಲ್ಲ ಸ್ಥಳೀಯ ಬಿಸಿಲಿನದು. ಬೆಳಗಿನ ಬಿಸಿಲಿಗೆ ನೆನೆದ ನೆಲ ಕಾಯುತ್ತದೆ. ತೇವ ತುಂಬಿದ ಗಾಳಿ ಮೇಲೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರ ಕಟ್ಟುತ್ತದೆ. ಸಂಜೆಗೆ ಗುಡುಗಿ ಸುರಿಯುತ್ತದೆ. ರಾತ್ರಿ ಊಟದ ಹೊತ್ತಿಗೆ ಆಕಾಶ ಬಯಲಾಗಿರುತ್ತದೆ. ಗಾಳಿ ಮೋಡವನ್ನು ಹೊತ್ತುಕೊಂಡು ಹೋಗುವುದಿಲ್ಲವಾದ್ದರಿಂದ, ಎಲ್ಲಿ ಕಟ್ಟಿತೋ ಹೆಚ್ಚುಕಡಿಮೆ ಅಲ್ಲೇ ಸುರಿಯುತ್ತದೆ. ಒಂಟಿಕೊಪ್ಪಲಿನಲ್ಲಿ ಮಳೆ, ಅಗ್ರಹಾರದಲ್ಲಿ ಬಿಸಿಲು ಆಗುವುದು ಹೀಗೆ. ಒಂದೇ ದಿನದೊಳಗೆ ನಸುಕಿನಲ್ಲಿ ಚಳಿ, ಮಧ್ಯಾಹ್ನ ಬೇಸಿಗೆ, ಸಂಜೆ ಮಳೆಗಾಲ, ರಾತ್ರಿ ಬೆಳದಿಂಗಳು ನಾಲ್ಕೂ ಬಂದು ಹೋಗುತ್ತವೆ. ಆದ್ದರಿಂದ ನಮ್ಮೂರ ಶರತ್ತನ್ನು ಮರದ ಎಲೆಯಲ್ಲಿ ಹುಡುಕಬಾರದು, ಗಡಿಯಾರದಲ್ಲಿ ಹುಡುಕಬೇಕು. ಅರಮನೆಯ ಹತ್ತಿರದ ದೊಡ್ಡ ಗಡಿಯಾರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಕಟ್ಟಿದ್ದು, ನಮಗೆ ಈ ಎರಡು ತಿಂಗಳಲ್ಲಿ ಬಹಳ ಉಪಕಾರಿ. ಅದರ ಮುಳ್ಳು ತೋರಿಸಿದ ಹಾಗೆ ಒಂದು ದಿನವನ್ನು ಸುತ್ತಿ ಬರೋಣ.

ಬೆಳಿಗ್ಗೆ ಆರು. ಸೂರ್ಯ ಹುಟ್ಟಲು ಇನ್ನೂ ಹತ್ತು ನಿಮಿಷವಿದೆ. ಕಾಂಪೌಂಡಿನ ಪಾರಿಜಾತ ರಾತ್ರಿ ಅರಳಿದ್ದನ್ನೆಲ್ಲ ನೆಲಕ್ಕೆ ಸುರಿದಿರುತ್ತದೆ. ಬಿದ್ದ ಹೂವನ್ನು ದೇವರಿಗೆ ಮುಡಿಸಬಾರದೆಂಬ ನಿಯಮಕ್ಕೆ ಪಾರಿಜಾತ ಒಂದು ವಿನಾಯಿತಿ. ಅಜ್ಜಿಯಂದಿರು ಬಟ್ಟಲು ಹಿಡಿದು ಆರಿಸುತ್ತಿರುತ್ತಾರೆ. ಅವರಿಗೆ ಕೈ ಜೋಡಿಸಿ, ಆಮೇಲೆ ಕುಕ್ಕರಹಳ್ಳಿ ಕೆರೆಯ ಏರಿಗೆ ಹೋಗಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಈ ಕೆರೆ ಈಗ ಮಾನಸಗಂಗೋತ್ರಿಯ ಮಗ್ಗುಲಲ್ಲಿದೆ. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ಕೆರೆ ಎಂದು ಊರಿನ ಎಲ್ಲರಿಗೂ ಗೊತ್ತು. ಇಲ್ಲಿ ನಡೆಯುವವರು ಎರಡು ತರಹ: ಹೆಜ್ಜೆ ಎಣಿಸುವವರು ಮತ್ತು ಹಕ್ಕಿ ಎಣಿಸುವವರು. ಶರತ್ತಿನಲ್ಲಿ ಎರಡನೆಯ ಗುಂಪಿಗೆ ಸೇರುವುದು ಲಾಭ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಕುಳಿತಿರುತ್ತವೆ. ಹಾವಕ್ಕಿ ಕತ್ತು ಮಾತ್ರ ಹೊರಗಿಟ್ಟು ಈಜುತ್ತದೆ. ನೀರುಕಾಗೆ ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತದೆ. ಇವು ಇಲ್ಲಿಯವೇ. ಹೊಸಬರನ್ನು ನೋಡಬೇಕಾದರೆ ನೀರಿನಂಚಿನ ಕಲ್ಲುಗಳ ಮೇಲೆ ಕಣ್ಣಿಡಿ. ಬಾಲವನ್ನು ಒಂದೇ ಸಮನೆ ಮೇಲೆ ಕೆಳಗೆ ಆಡಿಸುತ್ತ ಓಡಾಡುವ ಪುಟ್ಟ ಹಕ್ಕಿಯೊಂದು ಕಾಣಿಸುತ್ತದೆ. ಮಲೆನಾಡಿನವರು ಕುಂಡೆಕುಸ್ಕ ಎನ್ನುತ್ತಾರೆ, ಹಕ್ಕಿಪುಸ್ತಕದವರು ಸಿಪಿಲೆ ಎನ್ನುತ್ತಾರೆ, ಸಂಸ್ಕೃತದವರಿಗೆ ಅದು ಖಂಜನ. ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಸೆಪ್ಟೆಂಬರಿನಲ್ಲೇ ನಮ್ಮ ಕಡೆಗೆ ಬರತೊಡಗುತ್ತದೆ. ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಖಂಜನ ಎಲ್ಲಿ ಕಂಡರೆ ಏನು ಫಲ ಎಂದು ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಫಲಾಫಲ ಹೇಗೂ ಇರಲಿ, ವರ್ಷದ ಮೊದಲ ಸಿಪಿಲೆ ಕಂಡ ಬೆಳಿಗ್ಗೆ ಮನಸ್ಸು ಹಗುರಾಗುತ್ತದೆ ಎಂಬುದಕ್ಕೆ ನಾನು ಸಾಕ್ಷಿ.

ಕೆರೆ ಬೇಡವೆಂದರೆ ಬೆಟ್ಟ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ದೊಡ್ಡ ದೇವರಾಜ ಒಡೆಯರ ಕಾಲದ್ದು. ದೊಡ್ಡ ನಂದಿಯೂ ಅವರ ಕಾಲದ್ದೇ. ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ, ಬೆಟ್ಟದ ತಲೆ ಅದಕ್ಕಿಂತ ಇನ್ನೂ ಸುಮಾರು 300 ಮೀಟರ್ ಮೇಲಿದೆ. ಆ 300 ಮೀಟರಿನ ಬೆಲೆ ತಿಳಿಯುವುದು ಸ್ವಾತಿ ಮಳೆ ಕಳೆದ ಮೇಲೆ. ಹಿಂದಿನ ಸಂಜೆ ಮಳೆಯಾಗಿ, ರಾತ್ರಿ ಆಕಾಶ ತೆರೆದು, ಗಾಳಿ ಅಲುಗಾಡದೆ ಇದ್ದರೆ ನೆಲದ ಕಾವು ಮೇಲಕ್ಕೆ ಹಾರಿಹೋಗಿ ನೆಲಕ್ಕಂಟಿದ ಗಾಳಿ ತಣ್ಣಗಾಗುತ್ತದೆ, ತಗ್ಗಿನಲ್ಲೆಲ್ಲ ಮಂಜು ಕಟ್ಟುತ್ತದೆ. ನಂದಿಯ ಹತ್ತಿರ ನಿಂತು ತಿರುಗಿ ನೋಡಿದರೆ ಊರು ಕಾಣುವುದಿಲ್ಲ. ಬಿಸಿಲೇರಿದ ಹಾಗೆ ಒಂದೊಂದಾಗಿ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ, ಲಲಿತಮಹಲಿನ ಬಿಳಿ ಗುಮ್ಮಟ, ಅರಮನೆಯ ಕೆಂಪು ಗುಮ್ಮಟಗಳು ಮೇಲೇಳುತ್ತವೆ. ಮಂಜಿಲ್ಲದ ದಿನ ಇನ್ನೊಂದು ಲಾಭ. ಮಳೆ ಗಾಳಿಯಲ್ಲಿದ್ದ ಧೂಳನ್ನು ತೊಳೆದಿರುತ್ತದೆ. ಬೇಸಿಗೆಯಲ್ಲಿ ಬರೀ ಮಬ್ಬಾಗಿದ್ದ ದಿಗಂತದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ಗೆರೆ ಎಳೆದು ನಿಂತಿರುತ್ತದೆ, ಇನ್ನೊಂದು ಕಡೆ ಕನ್ನಂಬಾಡಿಯ ನೀರು ಹೊಳೆಯುತ್ತದೆ.

ಮಧ್ಯಾಹ್ನ ಹನ್ನೆರಡು. ಈ ಹೊತ್ತನ್ನು ಹೊಗಳುವವರು ಯಾರೂ ಇಲ್ಲ. ಅಕ್ಟೋಬರಿನ ಬಿಸಿಲು ಮೈ ಸುಡುತ್ತದೆ ಎಂದು ಎಲ್ಲರೂ ಗೊಣಗುವವರೇ. ತಾಪಮಾಪಕದಲ್ಲಿ ಅದು 28, 29 ಡಿಗ್ರಿಯ ಆಸುಪಾಸು ಅಷ್ಟೆ, ಏಪ್ರಿಲ್‌ಗಿಂತ ಬಹಳ ಕಡಿಮೆ. ಆದರೆ ಗಾಳಿಯಲ್ಲಿ ತೇವವಿದೆ, ಧೂಳಿಲ್ಲ, ಬೀಸಣಿಕೆ ಇಲ್ಲ. ಬಿಸಿಲು ಸೋಸದೆ ನೇರವಾಗಿ ಬಂದು ಮೈಗೆ ತಾಕುತ್ತದೆ. ಈ ಹೊತ್ತಿನಲ್ಲಿ ಬುದ್ಧಿವಂತರು ಮನೆಯೊಳಗಿದ್ದು ಸೂರ್ಯನ ನಡಿಗೆಯನ್ನು ನೋಡಬೇಕು. ಆಗಸ್ಟ್ ಮೂರನೆಯ ವಾರದಲ್ಲಿ ಮೈಸೂರಿನ ನೆತ್ತಿಯ ನೇರಕ್ಕಿದ್ದ ಸೂರ್ಯ, ಅಕ್ಟೋಬರ್ ಮಧ್ಯದ ಹೊತ್ತಿಗೆ ಸುಮಾರು 20 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಬೇಸಿಗೆಯಲ್ಲಿ ಬಿಸಿಲು ಕಾಣದಿದ್ದ ದಕ್ಷಿಣದ ಕಿಟಕಿಗೆ ಈಗ ಬಿಸಿಲು ಬರುತ್ತದೆ. ಮೊದಲು ಕಿಟಕಿಯ ಕಟ್ಟೆಯ ಮೇಲೆ ಒಂದು ಗೆರೆ, ಆಮೇಲೆ ನೆಲದ ಮೇಲೆ ಒಂದು ಗೇಣು, ಕಾರ್ತೀಕ ಕಳೆಯುವಷ್ಟರಲ್ಲಿ ಒಂದು ಮೊಳ. ಹಗಲಿನ ಉದ್ದದಲ್ಲಿ ನಮಗೆ ಅಂಥ ವ್ಯತ್ಯಾಸವಿಲ್ಲ. ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇಲ್ಲಿರುವ ಅಂತರ ಒಂದೂವರೆ ಗಂಟೆಗಿಂತ ಕಡಿಮೆ. ಹಾಗಾಗಿ ಕಾಲ ಸರಿದದ್ದು ಗೊತ್ತಾಗಬೇಕಾದರೆ ಈ ಬಿಸಿಲುಕೋಲನ್ನೇ ನೋಡಬೇಕು. ಬಾಡಿಗೆಯ ಒಂದೇ ಕೋಣೆಯಾದರೂ ಸರಿ, ಅದಕ್ಕೊಂದು ದಕ್ಷಿಣದ ಕಿಟಕಿ ಇದ್ದರೆ ನಿಮ್ಮ ಬಳಿ ಒಂದು ಪಂಚಾಂಗವಿದೆ.

ಮಧ್ಯಾಹ್ನದಲ್ಲಿ ಹೊರಗೆ ಹೋಗಲೇಬೇಕೆಂದರೆ ದೇವರಾಜ ಮಾರುಕಟ್ಟೆಗೆ ಹೋಗಿ, ನೆರಳಿಗೆ ನೆರಳೂ ಆಯಿತು. ಹೂವಿನ ಸಾಲಿನಲ್ಲಿ ಚೆಂಡುಹೂವು, ಸೇವಂತಿಗೆಗಳ ಗುಡ್ಡೆ. ಹಬ್ಬದ ಹಿಂದಿನ ದಿನ ಇಲ್ಲಿ ಬೆಲೆ ಕೇಳಲು ಗುಂಡಿಗೆ ಬೇಕು. ಹಬ್ಬ ಮುಗಿದ ಮೇಲೆ ಹೋದರೆ ‘ಒಂದು ಮಾರು ಜಾಸ್ತಿ ತಗೊಳ್ಳಮ್ಮ’ ಎಂದು ಅವರೇ ಅಳೆದುಕೊಡುತ್ತಾರೆ. ಹಣ್ಣಿನ ಸಾಲಿನಲ್ಲಿ ಸೀತಾಫಲ. ಕಣ್ಣು ಬಿಟ್ಟದ್ದನ್ನು ಆರಿಸಬೇಕು, ಒತ್ತಿ ನೋಡಿದರೆ ಬೈಸಿಕೊಳ್ಳಬೇಕಾಗುತ್ತದೆ. ಹೊರಗೆ ಗಾಡಿಯ ಮೇಲೆ ಮಣ್ಣಿನ ವಾಸನೆ ಬಿಡದ ಹಸಿ ಕಡಲೆಕಾಯಿ. ಅದನ್ನು ಉಪ್ಪು ಹಾಕಿ ಬೇಯಿಸಲು ಮನೆಗೆ ಒಯ್ಯಿರಿ, ಸಂಜೆಗೆ ಬೇಕಾಗುತ್ತದೆ.

ಏಕೆಂದರೆ ನಾಲ್ಕು ಗಂಟೆಗೆ ಮೋಡ ಬರುತ್ತದೆ. ಬರುವುದಕ್ಕೆ ಮುಂಚೆ ಅದನ್ನು ಕಂಡುಹಿಡಿಯುವ ಒಂದು ಉಪಾಯ ರೇಡಿಯೋ ಕೇಳುವವರಿಗೆ ಮಾತ್ರ ಗೊತ್ತು. ಮಧ್ಯಮ ತರಂಗದ ನಿಲಯ ಹಾಕಿಟ್ಟಿದ್ದರೆ, ಎಲ್ಲೋ ದೂರದಲ್ಲಿ ಮಿಂಚು ಹೊಡೆದಾಗಲೆಲ್ಲ ಹಾಡಿನ ನಡುವೆ ಕರಕರ ಸದ್ದು ನುಸುಳುತ್ತದೆ. ಗುಡುಗು ಕಿವಿಗೆ ಬೀಳುವ ಮೊದಲೇ ರೇಡಿಯೋಗೆ ಕೇಳಿಸಿರುತ್ತದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠ್ಠಲ ವಿಹಾರ’ ಮನೆಯಿಂದ ಬಾನುಲಿ ಆರಂಭಿಸಿದಾಗಲೂ ಕೇಳುಗರಿಗೆ ಸಂಗೀತದ ಜೊತೆ ಈ ಕರಕರವೂ ಸಿಕ್ಕಿರಲೇಬೇಕು. ಇವತ್ತಿನ ಎಫ್.ಎಂ. ಶುದ್ಧವಾಗಿ ಕೇಳಿಸುತ್ತದೆ, ಆದರೆ ಮಳೆಯ ಸುದ್ದಿ ಹೇಳುವುದಿಲ್ಲ.

ಕರಕರ ಹೆಚ್ಚಿತೆಂದರೆ ಒಣಹಾಕಿದ ಬಟ್ಟೆ, ಹಪ್ಪಳ ಒಳಗೆ ಬರಬೇಕು. ಮೊದಲು ಒಂದು ತಂಪು ಗಾಳಿ ಮಣ್ಣಿನ ವಾಸನೆ ಹೊತ್ತು ಬರುತ್ತದೆ. ಪಕ್ಕದ ಬಡಾವಣೆಯಲ್ಲಿ ಸುರಿದ ಮಳೆಯ ತಂಪು ನೆಲದುದ್ದಕ್ಕೂ ಹರಡಿ ಮುಂದಾಗಿ ಬಂದು ಬಾಗಿಲು ತಟ್ಟುವುದು ಅದು. ಆಮೇಲೆ ನಾಣ್ಯದಗಲದ ಹನಿ. ಆಮೇಲೆ ರಸ್ತೆ ಕಾಣದಂಥ ಮಳೆ. ಮುಂಗಾರಿನ ಸೋನೆ ಹಿಡಿದರೆ ದಿನಗಟ್ಟಲೆ ಬಿಡದು, ಮನಸ್ಸನ್ನು ಮಂಕು ಮಾಡುತ್ತದೆ. ಶರತ್ತಿನ ಮಳೆಗೆ ಆ ಜಿಗುಟುತನವಿಲ್ಲ. ಅದು ಗುಡುಗಿ, ಸಿಡಿದು, ಮಾತು ಮುಗಿಸಿ ಎದ್ದು ಹೋಗುವ ಸೋದರಮಾವ. ಹಾಗಾಗಿ ಈ ಮಳೆಗೆ ಕೊಡೆ ಬೇಕಿಲ್ಲ; ಒಂದು ಸೂರು, ಒಂದು ಲೋಟ ಕಾಫಿ, ಬೇಯಿಸಿದ ಕಡಲೆಕಾಯಿ, ಮುಕ್ಕಾಲು ಗಂಟೆಯ ಸಾವಧಾನ ಇದ್ದರೆ ಸಾಕು. ಮನೆಯಿಂದ ದೂರ ಸಿಕ್ಕಿಕೊಂಡಿದ್ದರೆ ಯಾವುದಾದರೂ ಅಂಗಡಿಯ ಮುಂದೆ ನಿಲ್ಲಿ. ಗುರುತಿಲ್ಲದವರೂ ಆ ಹೊತ್ತಿನಲ್ಲಿ ‘ಏನ್ ಸ್ವಾಮಿ, ಹಿಂಗ್ ಹೊಡೀತಾ ಇದೆ’ ಎಂದು ಮಾತಿಗೆ ಬರುತ್ತಾರೆ. ಕೆಲವು ವರ್ಷ ಈ ಮಳೆ ಜಂಬೂಸವಾರಿಯ ದಿನವೇ ಬಂದು ಅಂಬಾರಿಯನ್ನೂ ಗಣ್ಯರನ್ನೂ ಭೇದ ಮಾಡದೆ ತೋಯಿಸುತ್ತದೆ. ನೋಡುವವರು ಕುರ್ಚಿಯನ್ನೇ ತಲೆಯ ಮೇಲೆ ಹೊತ್ತು ನಿಲ್ಲುತ್ತಾರೆ, ಎದ್ದು ಹೋಗುವುದಿಲ್ಲ.

ಸಂಜೆ ಏಳು. ಮಳೆ ನಿಂತಿದೆ, ಅರಮನೆಯ ಒಂದು ಲಕ್ಷದಷ್ಟು ದೀಪಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ನೆನೆದ ಅಂಗಳದಲ್ಲಿ ಇನ್ನೊಂದು ಅರಮನೆ ತಲೆಕೆಳಗಾಗಿ ಹೊಳೆಯುತ್ತದೆ. ಬೇಸಿಗೆಯ ಭಾನುವಾರ ಬಂದವರಿಗೆ ಈ ಎರಡನೆಯ ಅರಮನೆ ಸಿಗುವುದಿಲ್ಲ. ಆಮೇಲೆ ಹಳೆಯ ಬಡಾವಣೆಗಳ ಕಡೆ ನಡೆಯಿರಿ. ಪ್ಲೇಗು ಊರನ್ನು ಕಾಡಿದ ಮೇಲೆ ಮೈಸೂರಿನಲ್ಲಿ 1903ರಲ್ಲಿ ಸಿ.ಐ.ಟಿ.ಬಿ. ಎಂಬ ನಗರಾಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಜನ ಉಸಿರಾಡಲಿ, ಮನೆಯೊಳಗೆ ಗಾಳಿ ಬೆಳಕು ಬರಲಿ ಎಂದು ಅಗಲವಾದ ರಸ್ತೆ, ಮನೆಗಳ ಹಿಂದೆ ಗಲ್ಲಿ, ಅಲ್ಲಲ್ಲಿ ಉದ್ಯಾನ ಬಿಟ್ಟು ಬಡಾವಣೆ ಮಾಡಿದರು. ಕಾಯಿಲೆಗೆ ಹೆದರಿ ಬಿಟ್ಟ ಜಾಗವನ್ನು ನಾವು ಇವತ್ತು ಸುಖಕ್ಕೆ ಬಳಸುತ್ತಿದ್ದೇವೆ. ಆ ರಸ್ತೆಗಳ ಬದಿಯಲ್ಲಿ ಆಕಾಶಮಲ್ಲಿಗೆ ಮರಗಳಿದ್ದರೆ ನಿಮ್ಮ ಅದೃಷ್ಟ. ನೆಟ್ಟಗೆ ಎತ್ತರಕ್ಕೆ ಬೆಳೆಯುವ ಈ ಮರ ಶರತ್ತು ಚಳಿಗೆ ತಿರುಗುವ ಹೊತ್ತಿಗೆ ಹೂ ಬಿಡುತ್ತದೆ. ಉದ್ದ ತೊಟ್ಟಿನ ಬಿಳಿ ಹೂಗಳು ರಾತ್ರಿ ಅರಳಿ, ಗಮಗಮಿಸಿ, ತಿರುಗುತ್ತ ಡಾಂಬರಿನ ಮೇಲೆ ಬೀಳುತ್ತವೆ. ಮಕ್ಕಳು ಆರಿಸಿ ತೊಟ್ಟಿಗೆ ತೊಟ್ಟು ಹೆಣೆದು ಜಡೆ ಮಾಡುತ್ತಾರೆ, ದಾರ ಸೂಜಿ ಬೇಡ.

ರಾತ್ರಿ ಹನ್ನೆರಡು. ಇದೊಂದು ಹೊತ್ತನ್ನು ವರ್ಷಕ್ಕೊಮ್ಮೆಯಾದರೂ ಎದ್ದಿದ್ದು ನೋಡಬೇಕು. ಆಶ್ವಯುಜದ ಹುಣ್ಣಿಮೆ, ರೈತರ ಪಾಲಿಗೆ ಶೀಗಿ ಹುಣ್ಣಿಮೆ. ಸೂರ್ಯ ದಕ್ಷಿಣಕ್ಕೆ ವಾಲಿದಷ್ಟೂ ಅವನಿಗೆ ಎದುರಾಗಿ ನಿಲ್ಲುವ ಹುಣ್ಣಿಮೆಯ ಚಂದ್ರ ಉತ್ತರಕ್ಕೆ ಸರಿಯುತ್ತಾನೆ. ಮೈಸೂರು ಇರುವ 12 ಡಿಗ್ರಿ ಅಕ್ಷಾಂಶಕ್ಕೆ ಅವನು ಸರಿಸುಮಾರು ಹೊಂದುವುದು ಈ ಹುಣ್ಣಿಮೆಯಲ್ಲೇ. ನಡುರಾತ್ರಿಯಲ್ಲಿ ಚಂದ್ರ ಬಹುಮಟ್ಟಿಗೆ ನೆತ್ತಿಯ ಮೇಲೆ ಬರುತ್ತಾನೆ. ನಿಂತವರ ನೆರಳು ಅವರ ಪಾದದ ಸುತ್ತಲೇ ಮುದುಡಿಕೊಳ್ಳುತ್ತದೆ. ಕೆಳಗೆ ತೊಳೆದ ಗಾಳಿ, ಮೇಲೆ ಯಾವುದೂ ಅಡ್ಡಬರದ ಚಂದ್ರ. ಶರಚ್ಚಂದ್ರನನ್ನು ಹೊಗಳಿ ಹೊಗಳಿ ಕವಿಗಳು ಹಳಸು ಮಾಡಿದರು ಎನ್ನುವವರು ತಾರಸಿ ಹತ್ತಿ ನಿಂತು ನೋಡಿ ಆಮೇಲೆ ತೀರ್ಪು ಕೊಡಲಿ. ವಿಜಯದಶಮಿಯಾದ ಕೆಲವೇ ದಿನಗಳಿಗೆ ಬೆಟ್ಟದ ಮೇಲೆ ಚಾಮುಂಡೇಶ್ವರಿಯ ರಥೋತ್ಸವ, ತೆಪ್ಪೋತ್ಸವ ನಡೆಯುವುದೂ ಈ ಬೆಳದಿಂಗಳ ದಿನಗಳಲ್ಲೇ. ಹೊರಗಿನ ಜನಜಂಗುಳಿ ಊರು ಬಿಟ್ಟಿರುತ್ತದೆ. ಅದು ಊರಿನವರ ಹಬ್ಬ.

ಒಂದು ದಿನದ ಸುತ್ತು ಮುಗಿಯಿತು. ಆದರೆ ಈ ವೇಳಾಪಟ್ಟಿ ಎರಡು ತಿಂಗಳೂ ಒಂದೇ ಆಗಿರುವುದಿಲ್ಲ. ದೀಪಾವಳಿ ಕಳೆದು ಕಾರ್ತೀಕಕ್ಕೆ ಕಾಲಿಟ್ಟರೆ ಸಂಜೆಯ ಗುಡುಗು ವಿರಳವಾಗುತ್ತದೆ. ಹಿಂಗಾರಿನ ಮೂಡಣ ಗಾಳಿಗೆ ಕೊನೆಗೂ ಯಜಮಾನಿಕೆ ಸಿಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲೂ ಎರಡು ದಿನ ಮೋಡ ಕವಿದು ಸೋನೆ ಹಿಡಿಯುತ್ತದೆ. ಕೊಲ್ಲಿ ಸುಮ್ಮನಿದ್ದರೆ ನೀಲಿ ಆಕಾಶ. ಬೆಳಗಿನ ನಡಿಗೆಯವರ ತಲೆಗೆ ಮಂಕಿಕ್ಯಾಪು ಬರುತ್ತದೆ. ಉತ್ಥಾನದ್ವಾದಶಿಗೆ ತುಳಸಿಕಟ್ಟೆಯಲ್ಲಿ ನೆಲ್ಲಿಯ ಕೊಂಬೆ ನಿಲ್ಲುತ್ತದೆ; ಕಾಯಿ ಉಪ್ಪಿನಕಾಯಿಗೆ ಹೋಗುತ್ತದೆ. ಸಂಜೆ ಬಾಗಿಲಲ್ಲಿ ಕಾರ್ತೀಕದ ಹಣತೆ ಉರಿಯುತ್ತದೆ. ಗಾಳಿ ಕಡಿಮೆ ಇರುವ ಕಾಲವಾದ್ದರಿಂದ ಬಯಲಿನಲ್ಲೂ ಆರುವುದಿಲ್ಲ. ಆಷಾಢದಲ್ಲಿ ಹೊಸಿಲ ಹೊರಗೆ ದೀಪ ಇಟ್ಟು ನೋಡಿ, ಕಾರ್ತೀಕವನ್ನು ಏಕೆ ಆರಿಸಿದರೆಂದು ತಿಳಿಯುತ್ತದೆ. ನಂಜನಗೂಡಿನ ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಟಿಬೆಟ್, ಮಂಗೋಲಿಯಗಳಿಂದ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿದರೆ, ಮಾರುಕಟ್ಟೆಗೆ ಸೊಗಡಿನ ಅವರೆಕಾಯಿ ಬಂದರೆ, ಶರತ್ತು ಮುಗಿದು ಹೇಮಂತ ಶುರುವಾಯಿತೆಂದು ತಿಳಿಯಬಹುದು.

ಇಷ್ಟನ್ನೂ ಸವಿಯಲು ದುಡ್ಡು ಬೇಡ ಎಂದು ಹೇಳುವುದು ಸುಲಭ. ಆದರೆ ಬೇರೆ ಕೆಲವು ಬೇಕು. ಮಂಜು ಕಟ್ಟಲು ತಗ್ಗಿನಲ್ಲಿ ಕೆರೆ, ಗದ್ದೆ ಉಳಿದಿರಬೇಕು. ಸಿಪಿಲೆ ಇಳಿಯಲು ಕೆರೆಯಂಚು ಕಾಂಕ್ರೀಟಾಗದೆ ಇರಬೇಕು, ಚರಂಡಿ ಅದಕ್ಕೆ ಬಂದು ಸೇರಬಾರದು. ಬೆಟ್ಟ ಕಾಣಲು ಮುಂದೆ ಹತ್ತು ಮಹಡಿ ಏಳಬಾರದು. ಆಕಾಶಮಲ್ಲಿಗೆ ಬೀಳಲು ಅದರ ಕೊಂಬೆಯನ್ನು ತಂತಿಗೆ ಅಡ್ಡ ಎಂದು ಬೋಳಿಸಿರಬಾರದು. ಹವೆಯನ್ನು ಯಾರೂ ಕಟ್ಟಿಸಲಾರರು ನಿಜ. ಹವೆ ಬಂದು ಕೂರುವ ಜಾಗವನ್ನು ಮಾತ್ರ ಊರಿನವರೇ ಬಿಡಬೇಕು. 1903ರಲ್ಲಿ ಬಿಟ್ಟವರು ನಮಗಾಗಿ ಬಿಟ್ಟರು. ನಾವು ಯಾರಿಗಾಗಿ ಏನು ಬಿಡುತ್ತೇವೆ ಎಂಬ ಪ್ರಶ್ನೆಗೆ ವಾರ್ಡಿನ ಸಭೆಗಳಲ್ಲಿ ಉತ್ತರ ಹೇಳಬೇಕಾಗುತ್ತದೆ, ಬಾನುಲಿ ಭಾಷಣದಲ್ಲಿ ಅಲ್ಲ.

ನಾನು ಮೈಸೂರಿನವನಾದ್ದರಿಂದ ಮೈಸೂರಿನ ಗಡಿಯಾರ ಹಿಡಿದು ಮಾತಾಡಿದೆ. ನೀವು ಧಾರವಾಡದಲ್ಲಿದ್ದರೆ, ಮಂಗಳೂರಿನಲ್ಲಿದ್ದರೆ, ಕಲಬುರಗಿಯಲ್ಲಿದ್ದರೆ ನಿಮ್ಮೂರ ಶರತ್ತಿನ ವೇಳಾಪಟ್ಟಿ ಬೇರೆಯೇ ಇರುತ್ತದೆ. ಅದನ್ನು ಬರೆದುಕೊಡುವವರು ಬೇರೆ ಯಾರೂ ಇಲ್ಲ, ನೀವೇ ಗುರುತು ಹಾಕಿಕೊಳ್ಳಬೇಕು. ನಸುಕಿನಲ್ಲಿ ಅರ್ಧ ಗಂಟೆ, ರಾತ್ರಿ ಅರ್ಧ ಗಂಟೆ ಕೊಟ್ಟರೆ ಮೊದಲ ವರ್ಷಕ್ಕೆ ಸಾಕು. ದಸರೆಗೆ ಸರ್ಕಾರ ರಜೆ ಕೊಡುತ್ತದೆ. ಹವೆಗೆ ಯಾವ ಕಚೇರಿಯೂ ರಜೆ ಕೊಡುವುದಿಲ್ಲ. ಅದನ್ನು ನಾವೇ ಮಂಜೂರು ಮಾಡಿಕೊಳ್ಳಬೇಕು.